ಸೀಲ್ ಒಡೆದವರು

ವುಡ್‌ಲ್ಯಾಂಡ್ಸ್, ಸಿಂಗಾಪುರ
3 ಆಗಸ್ಟ್ 2024

ಶ್ರೀ ಶರಣಬಸಪ್ಪನವರಿಗೆ ನಮಸ್ಕಾರಗಳು.

ನಿಮಗೆ ನನ್ನ ಪರಿಚಯವಿಲ್ಲ. ಅರಿಜೋನಾದಲ್ಲಿ ಟ್ರಕ್ ಓಡಿಸುವವರಿಗೆ ಸಿಂಗಾಪುರದಿಂದ ಕನ್ನಡದಲ್ಲಿ ಬರೆದ ಕಾಗದ ಬಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ದಯವಿಟ್ಟು ಗಾಬರಿಯಾಗಬೇಡಿ. ನನ್ನ ಹೆಸರು ನಿರುಪಮಾ. ಮೈಸೂರಿನವಳು, ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಟುವಾಸ್‌ನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ.

ಜುಲೈ ಒಂಬತ್ತರಂದು ನೀವು ಲಾಂಗ್ ಬೀಚ್ ಬಂದರಿನಿಂದ ಫೀನಿಕ್ಸ್‌ಗೆ ಒಯ್ದ ಲೋಡ್ ನಮ್ಮದು. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ರಕ್ತ ನೋಡಿಕೊಳ್ಳುವ ಸ್ಟ್ರಿಪ್‌ಗಳು, ಒಂದು ಟ್ರೇಲರ್ ತುಂಬ. ಬಡವರ ದವಾಖಾನೆಗಳಿಗೆ ಹೋಗಬೇಕಾಗಿದ್ದವು. ಬಾಗಿಲಿನ ಸೀಲ್ ಒಡೆದಿದೆ, ಒಳಗೆ ವಿಪರೀತ ಬಿಸಿಯಿದೆ ಎಂದು ಗೋಡೌನಿನವರು ಲೋಡ್ ಇಳಿಸಿಕೊಳ್ಳಲಿಲ್ಲ. ಇದೆಲ್ಲ ನಿಮಗೆ ಗೊತ್ತಿರುವುದೇ. ಹೆದ್ದಾರಿ ತಪಾಸಣೆಯವರು ಸೀಲ್ ಕತ್ತರಿಸಿದರು ಎಂದು ನೀವು ಹೇಳಿಕೆ ಕೊಟ್ಟಿದ್ದೀರಿ. ಹೇಳಿಕೆ ಇಂಗ್ಲಿಷ್‌ನಲ್ಲಿತ್ತು, ಕೆಳಗಿನ ಸಹಿ ಮಾತ್ರ ಕನ್ನಡದಲ್ಲಿ. ಆ ಸಹಿ ನೋಡಿ ಒಂದು ನಿಮಿಷ ಸುಮ್ಮನೆ ಕೂತುಬಿಟ್ಟೆ. ಈ ಫೈಲುಗಳ ನಡುವೆ ನಮ್ಮ ಅಕ್ಷರ ಕಂಡದ್ದು ಅದೇ ಮೊದಲು.

ವಿಷಯ ಇಷ್ಟೇ. ತಪಾಸಣೆ ಆಗಿದ್ದರೆ ಅಧಿಕಾರಿ ಒಂದು ಚೀಟಿ ಕೊಟ್ಟಿರುತ್ತಾರೆ. ಆ ಚೀಟಿ ಫೈಲಿನಲ್ಲಿಲ್ಲ. ಅದಿದ್ದರೆ ನಿಮ್ಮ ಮೇಲೆ ಮಾತೇ ಬರುವುದಿಲ್ಲ. ಇಲ್ಲದಿದ್ದರೆ ನಿಮ್ಮ ಕೆಲಸಕ್ಕೆ ಸಂಚಕಾರ ಬರಬಹುದು ಎಂದು ನನಗೆ ಭಯ. ಅಲ್ಲಿ ಆ ದಿನ ಏನು ನಡೆಯಿತು ಎಂದು ನನಗೊಬ್ಬಳಿಗೆ ತಿಳಿಸುತ್ತೀರಾ? ಕಂಪನಿಯ ಇಮೇಲನ್ನು ನಾಲ್ಕು ಜನ ಓದುತ್ತಾರೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಈ ಆಫೀಸಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ನೀವು ಬರೆದದ್ದು ನನ್ನ ಹತ್ತಿರವೇ ಉಳಿಯುತ್ತದೆ.

ವಿಶ್ವಾಸದಿಂದ,
ನಿರುಪಮಾ


ಟಾಲಿಸನ್, ಅರಿಜೋನಾ
19 ಆಗಸ್ಟ್ 2024

ನಿರುಪಮಾ ಅವರಿಗೆ ಶರಣು ಶರಣಾರ್ಥಿ.

ನಿಮ್ಮ ಕಾಗದ ಮೊನ್ನೆ ಕೈಸೇರಿತು. ನನ್ನ ಹೆಂಡತಿ ಚನ್ನಬಸವ್ವ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ್ರೀ ಇದು, ನಮಗ ಕಾಗದ ಬರಿಯೋರು ಯಾರದಾರ?" ಅಂದಳು. ನಾನು ಓದಿ ಹೇಳಿದೆ. ಮತ್ತೊಮ್ಮೆ ಓದಿರಿ ಅಂದಳು. ಕೇಸಿನ ವಿಷಯ ಅವಳಿಗೆ ಬೇಕಾಗಿರಲಿಲ್ಲ, ಬರೀ ಕಾಗದ ಓದುವುದು ಕೇಳಬೇಕಾಗಿತ್ತು.

ನಮ್ಮದು ಗಜೇಂದ್ರಗಡದ ಹತ್ತಿರ. ಹಿಂದೆ ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ಮುಂಬಯಿ, ಸೂರತ್ ಅಂತ ಲಾರಿ ಓಡಿಸುತ್ತಿದ್ದೆ. ಅಕ್ಕ ಇಲ್ಲಿ ನರ್ಸ್. ಅವಳು ನನಗಾಗಿ ಹಾಕಿದ ವೀಸಾ ಅರ್ಜಿ ಕೈಗೂಡಲು ಹದಿಮೂರು ವರ್ಷ ಹಿಡಿಯಿತು. ಬಂದಾಗ ತಲೆಗೂದಲು ಅರ್ಧ ಬಿಳಿಯಾಗಿತ್ತು, ಬರುವ ಕೆಲಸ ಒಂದೇ ಆಗಿತ್ತು. ಹಾಗಾಗಿ ಇಲ್ಲಿಯೂ ಸ್ಟೇರಿಂಗೇ. ಏಳು ವರ್ಷವಾಯಿತು. ಒಂದು ಗೀರು ಬಿದ್ದಿಲ್ಲ, ಒಂದು ದೂರು ಬಂದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಈ ದೇಶದಲ್ಲಿ ಡ್ರೈವರ್ ಅಂದರೆ ಅವನ ರೆಕಾರ್ಡ್, ಅಷ್ಟೇ. ಅದು ಕೆಟ್ಟರೆ ಬೇರೆ ಯಾವ ಕಂಪನಿಯೂ ಗೇಟಿನೊಳಗೆ ಬಿಡುವುದಿಲ್ಲ.

ತಪಾಸಣೆ ಆಗಿದ್ದು ನಿಜ. ಚೀಟಿ ಎಲ್ಲೋ ಕಳೆದುಹೋಯಿತು. ಹುಡುಕುತ್ತಿದ್ದೇನೆ.

ಒಂದು ಮಾತು ಕೇಳಲೇ? ಇಂಥ ಲೋಡನ್ನು ತಂಪಿನ ಗಾಡಿಯಲ್ಲಿ ಕಳಿಸಬೇಕೋ, ತಂಪಿಲ್ಲದ ಡ್ರೈ ವ್ಯಾನ್‌ನಲ್ಲಿ ಕಳಿಸಬೇಕೋ ಎಂದು ನಿಮ್ಮಲ್ಲಿ ಬುಕಿಂಗ್ ಮಾಡುವವರು ಯಾರು? ಸುಮ್ಮನೆ ಕೇಳಿದೆ.

ನಿಮ್ಮ,
ಶರಣಬಸಪ್ಪ


ವುಡ್‌ಲ್ಯಾಂಡ್ಸ್
2 ಸೆಪ್ಟೆಂಬರ್ 2024

ಶರಣಬಸಪ್ಪಣ್ಣನಿಗೆ ನಮಸ್ಕಾರ.

ಅಣ್ಣ ಅನ್ನಬಹುದಲ್ಲವೇ? ನಿಮ್ಮ ಕಾಗದವನ್ನು ಟ್ರೇನಿನಲ್ಲಿ ಓದಿದೆ. ವುಡ್‌ಲ್ಯಾಂಡ್ಸ್‌ನಿಂದ ಟುವಾಸ್‌ಗೆ ಒಂದೂಕಾಲು ಗಂಟೆಯ ದಾರಿ. ದೇಶದ ಒಂದು ತುದಿಯಿಂದ ಇನ್ನೊಂದು ತುದಿ ಎಂದರೆ ನೀವು ನಗುತ್ತೀರಿ, ನಿಮಗದು ಚಹಾ ಕುಡಿಯಲು ನಿಲ್ಲಿಸುವ ದೂರ.

ಬುಕಿಂಗ್ ಮಾಡುವವರು ಬೇರೆ ಟೇಬಲ್‌ನವರು. ನನಗೆ ಫೈಲ್ ಬರುವುದು ಗಲಾಟೆಯಾದ ಮೇಲೆ.

ನಮ್ಮ ಮನೆಯ ವಿಷಯ ಹೇಳುತ್ತೇನೆ. ನನ್ನ ಗಂಡ ಕಿಟ್ಟಿಯನ್ನು ಕಳೆದ ವರ್ಷ ಬ್ಯಾಂಕಿನವರು ಕೆಲಸದಿಂದ ತೆಗೆದುಬಿಟ್ಟರು. ಈಗ ಅವರೂ ಮಗಳು ಇಶಿತಾಳೂ ನನ್ನ ಕೆಲಸದ ಪಾಸ್ ಮೇಲೆ ಇಲ್ಲಿದ್ದಾರೆ. ನನ್ನ ಕೆಲಸ ಹೋದರೆ ಒಂದು ತಿಂಗಳಲ್ಲಿ ಮೂವರೂ ಗಂಟುಮೂಟೆ ಕಟ್ಟಬೇಕು. ಇಶಿತಾಗೆ ಈ ತಿಂಗಳ ಕೊನೆಗೆ ಆರನೇ ಕ್ಲಾಸಿನ ದೊಡ್ಡ ಪರೀಕ್ಷೆ. ಮೊನ್ನೆ ಅವಳಿಗೆ, "ನಾವು ಮೈಸೂರಿಗೇ ಶಿಫ್ಟ್ ಆದ್ರೆ ಹೇಗಿರುತ್ತೆ ಪುಟ್ಟಿ?" ಅಂತ ಕೇಳಿದೆ. "ಅಮ್ಮಾ, ಪ್ಲೀಸ್ ಲಾ, ನನ್ ಫ್ರೆಂಡ್ಸ್ ಎಲ್ಲಾ ಇಲ್ಲೇ ಇದ್ದಾರೆ. ಅಲ್ಲಿ ನಾನ್ ಏನ್ ಮಾಡ್ಲಿ?" ಅಂದಳು, ಇಲ್ಲಿಯವರ ಹಾಗೆ ಮಾತಿಗೊಂದು 'ಲಾ' ಸೇರಿಸಿ. ಕೆಲಸ ಕಳೆದುಕೊಳ್ಳುವ ಭಯ ಏನೆಂದು ನನಗೂ ಗೊತ್ತು ಎನ್ನಲು ಇದನ್ನು ಬರೆದೆ.

ಅಣ್ಣ, ಹೆದ್ದಾರಿ ಇಲಾಖೆಯವರಿಗೆ ನಮ್ಮವರು ಪತ್ರ ಬರೆದಿದ್ದಾರೆ. ಆ ದಿನ ತಪಾಸಣೆ ಆಗಿರಲಿಲ್ಲ ಎಂದು ಉತ್ತರ ಬಂದರೆ ನಿಮ್ಮನ್ನು ಸುಳ್ಳುಗಾರ ಅನ್ನುತ್ತಾರೆ. ಅದಕ್ಕೆ ಮೊದಲೇ ನಿಜ ನನಗೆ ಗೊತ್ತಿದ್ದರೆ ನಿಮ್ಮ ಪರವಾಗಿ ಮಾತಾಡಲು ನನಗೊಂದು ದಾರಿ ಇರುತ್ತದೆ. ನನ್ನ ಮೇಲೆ ನಂಬಿಕೆ ಇಡಿ. ಇಶಿತಾಳ ಟ್ಯೂಷನ್ ಮುಗಿಯುವವರೆಗೆ ಟೋವಾ ಪಾಯೋದ ಹಾಕರ್ ಸೆಂಟರ್‌ನಲ್ಲಿ, ಅಂದರೆ ಇಲ್ಲಿಯ ತಿಂಡಿ ಅಂಗಡಿಗಳ ಸಾಲಿನಲ್ಲಿ, ಕೂತು ಇದನ್ನು ಬರೆಯುತ್ತಿದ್ದೇನೆ. ಎದುರಿಗೇ ಪೋಸ್ಟ್ ಆಫೀಸಿದೆ.

ನಿಮ್ಮ ತಂಗಿ,
ನಿರುಪಮಾ


ಟಾಲಿಸನ್
20 ಸೆಪ್ಟೆಂಬರ್ 2024

ತಂಗಿ ನಿರುಪಮಾಗೆ ಶರಣು.

ನಿಮ್ಮ ಕಾಗದವನ್ನು ನಾಲ್ಕು ದಿನ ಕ್ಯಾಬಿನ್ನಿನಲ್ಲಿ ಇಟ್ಟುಕೊಂಡು ತಿರುಗಿದೆ. ಇವತ್ತು ರಜೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ತಪಾಸಣೆ ಆಗಲಿಲ್ಲ. ಸೀಲ್ ಕತ್ತರಿಸಿದ್ದು ನಾನು.

ಆ ದಿನ ಬೆಳಿಗ್ಗೆ ಆರಕ್ಕೆ ಲಾಂಗ್ ಬೀಚ್ ಬಿಟ್ಟೆ. ನಮ್ಮ ಕಸುಬಿನ ರೀತಿ ನಿಮಗೆ ಗೊತ್ತಿರಬೇಕು: ತುಂಬುವಾಗ ನಾವು ಒಳಗೆ ಇಣುಕುವಂತಿಲ್ಲ. ಅವರೇ ತುಂಬಿ, ಸೀಲ್ ಹಾಕಿ, ಕಾಗದ ಕೈಗೆ ಕೊಡುತ್ತಾರೆ. ಒಳಗೆ ಏನಿದೆ ಎಂದು ನೋಡದೆಯೇ ಸಹಿ ಹಾಕಿ ಹೊರಡಬೇಕು. ಅರಿಜೋನಾದ ಗಡಿ ದಾಟಿ ಕ್ವಾರ್ಟ್ಸೈಟ್ ಎಂಬ ಊರು ಬಂತು. ಅದರ ಮುಂದೆ ಎರಡು ಟ್ರಕ್ ಗುದ್ದಿ ಬೆಂಕಿ ಹತ್ತಿ ಹೆದ್ದಾರಿ ಬಂದ್ ಆಗಿತ್ತು. ಪೊಲೀಸರು ಎಲ್ಲ ಗಾಡಿಗಳನ್ನೂ ಹೆದ್ದಾರಿಯಿಂದ ಕೆಳಗಿಳಿಸಿದರು. ಮುಚ್ಚಿಹೋದ ಒಂದು ಪೆಟ್ರೋಲ್ ಬಂಕಿನ ಅಂಗಳದಲ್ಲಿ ನಿಂತೆ. ಹನ್ನೊಂದು ಗಂಟೆ, ನಲವತ್ತೇಳು ಡಿಗ್ರಿ. ಸುತ್ತ ಮುಳ್ಳುಕಂಟಿ, ಕಲ್ಲು, ಒಂದು ಮರವಿಲ್ಲ. ರಸ್ತೆ ಸಂಜೆಯವರೆಗೆ ತೆರೆಯುವುದಿಲ್ಲ ಎಂದರು.

ಹೊತ್ತು ಹೋಗಲೆಂದು ಲೋಡಿನ ಕಾಗದಗಳನ್ನು ಓದಿದೆ. ಟೆಸ್ಟ್ ಸ್ಟ್ರಿಪ್ಸ್ ಎಂದಿತ್ತು. ತಂಗಿ, ನನಗೂ ಸಕ್ಕರೆ ಕಾಯಿಲೆ ಇದೆ, ಹತ್ತು ವರ್ಷವಾಯಿತು. ನನ್ನ ಚೀಲದಲ್ಲೂ ಅದೇ ಸ್ಟ್ರಿಪ್ಸ್ ಡಬ್ಬಿ ಇರುತ್ತದೆ. ಮೂವತ್ತು ಡಿಗ್ರಿ ಮೀರಿದ ಕಡೆ ಇಡಬೇಡಿ ಎಂದು ಅದರ ಮೇಲೆ ಅಚ್ಚಾಗಿದೆ. ಅದಕ್ಕೇ ನಾನು ಅದನ್ನು ಎಸಿ ಕಿಂಡಿಯ ಹತ್ತಿರ ಇಡುತ್ತೇನೆ. ಹಿಂದೆ ಇರುವ ಸಾವಿರಾರು ಡಬ್ಬಿಗಳಿಗೆ ಎಸಿ ಎಲ್ಲಿದೆ? ನೀವು ಆಫೀಸಿನವರು ಡ್ರೈ ವ್ಯಾನ್ ಒಳಗೆ ನಿಂತಿರಲಿಕ್ಕಿಲ್ಲ. ಅದು ಐವತ್ತಮೂರು ಅಡಿಯ ತಗಡಿನ ಪೆಟ್ಟಿಗೆ. ಕಿಂಡಿಯಿಲ್ಲ, ಫ್ಯಾನಿಲ್ಲ. ಓಡುತ್ತಿದ್ದರೆ ಹೇಗೋ ಆಗುತ್ತದೆ, ಬಿಸಿಲಿಗೆ ನಿಂತರೆ ಒಳಗೆ ಅರವತ್ತು ಅರವತ್ತೈದು ಆಗುತ್ತದೆ.

ನಮ್ಮ ಕಂಪನಿಯಲ್ಲಿ ಗಾಡಿಗಳನ್ನು ಕಳಿಸುವ ಡಿಸ್ಪ್ಯಾಚರ್‌ಗೆ ಫೋನ್ ಮಾಡಿದೆ. ಸೀಲ್ ಮುಟ್ಟಬೇಡ, ಸುಮ್ಮನೆ ಕೂತಿರು ಅಂದ. ಒಂದು ಗಂಟೆ ಕೂತೆ. ಊರಲ್ಲಿ ಮೆಣಸಿನಕಾಯಿ ಲೋಡ್ ಇರುವಾಗ ಗಾಡಿ ಬಿಸಿಲಿಗೆ ನಿಂತರೆ ನಾವು ತಾಡಪತ್ರಿ ಸಡಿಲಿಸಿ ಗಾಳಿ ಆಡಲು ಬಿಡುತ್ತಿದ್ದೆವು. ಬಿಡದಿದ್ದರೆ ಒಳಗೇ ಬೆಂದು ಕಪ್ಪಾಗುತ್ತದೆ. ಯಾರನ್ನೂ ಕೇಳುತ್ತಿರಲಿಲ್ಲ. ಹೇರಿಕೊಂಡ ಮೇಲೆ ಮಾಲು ಡ್ರೈವರನ ಮಗು. ಇಪ್ಪತ್ತು ವರ್ಷ ಕೈ ಕಲಿತ ಬುದ್ಧಿ ಅದು. ಕಟ್ಟರ್ ತೆಗೆದು ಸೀಲ್ ಕತ್ತರಿಸಿ ಎರಡೂ ಬಾಗಿಲು ತೆರೆದೆ. ಮುಖಕ್ಕೆ ಹೊಡೆದ ಝಳಕ್ಕೆ ಹಿಂದಕ್ಕೆ ಸರಿದೆ. ಅರವತ್ತೈದಕ್ಕಿಂತ ನಲವತ್ತೇಳು ವಾಸಿಯಲ್ಲವೇ?

ಬಾಗಿಲು ತೆರೆದ ಲೋಡನ್ನು ಬಿಟ್ಟು ಕ್ಯಾಬಿನ್ನಿಗೆ ಹೋಗುವಂತಿರಲಿಲ್ಲ. ಚನ್ನಬಸವ್ವನ ಹಳದಿ ಛತ್ರಿ ಗಾಡಿಯಲ್ಲಿತ್ತು. ಅದನ್ನು ಹಿಡಿದುಕೊಂಡು ಹಿಂಬಾಗಿಲಲ್ಲಿ ಐದು ಗಂಟೆ ಕಾವಲು ನಿಂತೆ. ಡಾಂಬರಿನ ಕಾವಿಗೆ ಬೂಟಿನೊಳಗೆ ಕಾಲು ಬೊಬ್ಬೆ ಬಂತು. ರಸ್ತೆ ತೆರೆದ ಮೇಲೆ ನನ್ನ ಸ್ವಂತ ಬೀಗ ಹಾಕಿ ಹೊರಟೆ. ಒಂದು ಡಬ್ಬಿ ಆಚೀಚೆ ಆಗಿಲ್ಲ, ನನ್ನ ದೇವರಾಣೆ.

ತಪಾಸಣೆ ಎಂದು ಬರೆ, ಎಲ್ಲರೂ ಹಾಗೇ ಬರೆಯುತ್ತಾರೆ ಎಂದು ಡಿಸ್ಪ್ಯಾಚರ್ ಹೇಳಿಕೊಟ್ಟ. ಬರೆದೆ. ಅದು ತಪ್ಪು. ನಿಮಗೆ ಚೀಟಿ ಕಳೆದಿದೆ ಎಂದು ಬರೆದದ್ದು ಇನ್ನೊಂದು ತಪ್ಪು. ಈಗ ನನ್ನ ಹತ್ತಿರ ಮುಚ್ಚಿಟ್ಟದ್ದು ಏನೂ ಉಳಿದಿಲ್ಲ. ಇಶಿತಾಗೆ ಪರೀಕ್ಷೆಯಲ್ಲಿ ಒಳ್ಳೆಯದಾಗಲಿ. ನಿಮ್ಮ ಮನಸ್ಸಿನಲ್ಲೂ ಏನಾದರೂ ಇದ್ದರೆ ಬರೆಯಿರಿ, ನಾನು ಯಾರಿಗೂ ಹೇಳುವವನಲ್ಲ.

ನಿಮ್ಮ ಅಣ್ಣ,
ಶರಣಬಸಪ್ಪ


ವುಡ್‌ಲ್ಯಾಂಡ್ಸ್
6 ಅಕ್ಟೋಬರ್ 2024

ಮಾನ್ಯ ಶರಣಬಸಪ್ಪನವರಿಗೆ,

ನಿಮ್ಮ ಪತ್ರ ತಲುಪಿತು. ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಕಾಲಿನ ಬೊಬ್ಬೆ ಈಗ ವಾಸಿಯಾಗಿರಬಹುದು ಎಂದುಕೊಳ್ಳುತ್ತೇನೆ.

ಇಶಿತಾಳ ಪರೀಕ್ಷೆ ಮುಗಿಯಿತು. ಇಲ್ಲಿ ದಿನಾ ಮಧ್ಯಾಹ್ನ ಮಳೆ. ಆಫೀಸಿನಲ್ಲಿ ತುಂಬ ಕೆಲಸವಿರುವುದರಿಂದ ಹೆಚ್ಚು ಬರೆಯಲಾಗುತ್ತಿಲ್ಲ. ನಿಮ್ಮ ಪತ್ನಿಗೆ ನಮಸ್ಕಾರ ತಿಳಿಸಿ.

ಇತಿ,
ನಿರುಪಮಾ


ಟಾಲಿಸನ್
12 ನವೆಂಬರ್ 2024

ನಿರುಪಮಾ ಮೇಡಂ ಅವರಿಗೆ,

ಕಳೆದ ವಾರ ನನ್ನನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ನನ್ನ ಕಾಗದದ ಫೋಟೋ ಪ್ರತಿ ಇತ್ತು. ನನ್ನ ಅಕ್ಷರ ನನಗೆ ಗೊತ್ತಾಗದೇ ಇರುತ್ತದೆಯೇ? ಅದಕ್ಕೆ ಪಿನ್ ಹಾಕಿ ಇಂಗ್ಲಿಷ್‌ನಲ್ಲಿ ಅರ್ಧ ಪುಟ. ಓದು ಅಂದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಓದಿದೆ. ಡಿಸ್ಪ್ಯಾಚರ್ ಬೇಡ ಎಂದರೂ ಡ್ರೈವರ್ ಬೇಕೆಂದೇ ಸೀಲ್ ಕತ್ತರಿಸಿದ, ಆಮೇಲೆ ಸುಳ್ಳು ಹೇಳಿಕೆ ಕೊಟ್ಟ ಎಂದು ಬರೆದಿತ್ತು. ಸುಳ್ಳೇನೂ ಅಲ್ಲ.

ಛತ್ರಿ ಇರಲಿಲ್ಲ. ಮೂವತ್ತು ಡಿಗ್ರಿಯ ಮಾತಿರಲಿಲ್ಲ. ಮೆಣಸಿನಕಾಯಿ ಇರಲಿಲ್ಲ. ಯಾಕೆ ತೆರೆದೆ ಎಂಬ ಒಂದು ಸಾಲೂ ಅದರಲ್ಲಿರಲಿಲ್ಲ. ಇವನ್ನೆಲ್ಲ ಬಿಟ್ಟವರು ಯಾರು ಎಂದು ನಾನು ಕೇಳಬೇಕಾಗಿಲ್ಲ. ಆ ಆಫೀಸಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಎಂದು ಮೊದಲ ಕಾಗದದಲ್ಲಿ ನೀವೇ ಬರೆದಿದ್ದಿರಿ.

ಕೆಲಸ ಹೋಯಿತು. ಕೀಲಿ, ಇಂಧನದ ಕಾರ್ಡ್, ಹಳದಿ ಕೋಟು ಎಲ್ಲ ಅಲ್ಲೇ ಒಪ್ಪಿಸಿ ಬಂದೆ. ಸೀಲ್ ಒಡೆದವನು ಎಂದು ರೆಕಾರ್ಡಿನಲ್ಲಿ ಬಿದ್ದಿದೆ. ಆಮೇಲೆ ಮೂರು ಕಡೆ ಕೇಳಿದೆ. ಗೇಟಿನ ಹುಡುಗಿ ಕಂಪ್ಯೂಟರಿನಲ್ಲಿ ಹೆಸರು ಒತ್ತಿ ನೋಡಿ ತಲೆ ಅಲ್ಲಾಡಿಸುತ್ತಾಳೆ.

ಒಂದೇ ಪ್ರಶ್ನೆ. ಆ ಸ್ಟ್ರಿಪ್ಸ್ ಕೆಟ್ಟಿದ್ದವೇ? ಯಾರಾದರೂ ಪರೀಕ್ಷೆ ಮಾಡಿ ನೋಡಿದರೇ?

ಶರಣಬಸಪ್ಪ


ವುಡ್‌ಲ್ಯಾಂಡ್ಸ್
30 ನವೆಂಬರ್ 2024

ಶರಣಬಸಪ್ಪಣ್ಣನಿಗೆ,

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ಹೌದು, ಇಂಗ್ಲಿಷ್ ಮಾಡಿದ್ದು ನಾನೇ. ಕಾಗದವನ್ನು ಬ್ಯಾಗಿನಲ್ಲಿ ಎರಡು ವಾರ ಇಟ್ಟುಕೊಂಡು ಓಡಾಡಿದೆ. ಡ್ರೈವರ್ ಏನಾದರೂ ಹೇಳಿದನಾ ಎಂದು ಮ್ಯಾನೇಜರ್ ದಿನವೂ ಕೇಳುತ್ತಿದ್ದರು. ಮುಖ್ಯವಾದದ್ದನ್ನು ಮಾತ್ರ ಹಾಕು ಎಂದರು. ನಾನು ಹಾಕಿದೆ. ಕಂಪನಿಯ ನಿಯಮವೆಂದರೆ ನಿಯಮ, ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹೆದ್ದಾರಿ ಇಲಾಖೆಯ ಉತ್ತರ ಬಂದಿದ್ದರೆ ಹೇಗಿದ್ದರೂ ನಿಮ್ಮ ಕೆಲಸ ಹೋಗುತ್ತಿತ್ತಲ್ಲವೇ? ನೀವು ಸೀಲ್ ಒಡೆದದ್ದಂತೂ ನಿಜ. ಅದನ್ನು ನಾನು ಹುಟ್ಟಿಸಿ ಬರೆಯಲಿಲ್ಲ.

ಇಶಿತಾಳ ಫಲಿತಾಂಶ ಬಂತು. ಅವಳು ಬಯಸಿದ ಶಾಲೆಯೇ ಸಿಗಬಹುದು. ಕಿಟ್ಟಿ ಸ್ವೀಟ್ ತಂದರು. ನಾನು ನನ್ನ ತಟ್ಟೆಯನ್ನು ಇಶಿತಾಳ ಕಡೆ ಸರಿಸಿದೆ. "ಯಾಕೆ ಹಿಂಗಿದ್ದೀಯಾ, ಖುಷಿಪಡು ಸ್ವಲ್ಪ" ಅಂದರು. ಅವರಿಗೆ ಏನೂ ಗೊತ್ತಿಲ್ಲ.

ಸ್ಟ್ರಿಪ್ಸ್ ಯಾರೂ ಪರೀಕ್ಷೆ ಮಾಡಲಿಲ್ಲ. ಸೀಲ್ ಒಡೆದ ಮಾಲನ್ನು ಪರೀಕ್ಷೆ ಮಾಡುವ ಪದ್ಧತಿ ಇಲ್ಲ. ಎಲ್ಲವನ್ನೂ ಸುಟ್ಟರು.

ನನ್ನನ್ನು ಕ್ಷಮಿಸಿ ಎಂದು ಕೇಳುವ ಧೈರ್ಯವಿಲ್ಲ.

ನಿರುಪಮಾ


ಟಾಲಿಸನ್
18 ಡಿಸೆಂಬರ್ 2024

ನಿರುಪಮಾ ಅವರಿಗೆ,

ಈ ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ. ಲಾಂಗ್ ಬೀಚ್‌ನಲ್ಲಿ ಲೋಡಿನ ಕಾಗದಗಳ ಜೊತೆ ನನ್ನ ಕೈಗೆ ಬಂದದ್ದು. ಸಿಂಗಾಪುರದಿಂದ ಹೋದ ಬುಕಿಂಗ್‌ನ ಅಚ್ಚು. ನೋಡಿದರೆ ನಿಮಗೇ ಗುರುತು ಹತ್ತುತ್ತದೆ. ಗಾಡಿ: ಡ್ರೈ ವ್ಯಾನ್. ತಂಪು: ಬೇಕಾಗಿಲ್ಲ. ಕಾರಣ: ಚಳಿಗಾಲ, ಜನವರಿ. ಬುಕ್ ಮಾಡಿದವರು: ನಿರುಪಮಾ ಕೆ.

ಜುಲೈ ಒಂಬತ್ತರಂದು, ನಲವತ್ತೇಳು ಡಿಗ್ರಿಯಲ್ಲಿ, ಆ ಬಂಕಿನ ಅಂಗಳದಲ್ಲಿ ಕೂತು ನಾನು ಓದಿದ್ದು ಈ ಹಾಳೆಯನ್ನೇ. ಚಳಿಗಾಲ ಎಂಬುದನ್ನು ಓದಿ ನಗು ಬಂದಿತ್ತು. ಯಾರೋ ಹಳೆಯ ಬುಕಿಂಗ್ ಮೇಲೆಯೇ ಹೊಸ ತಾರೀಕು ಹಾಕಿದ್ದಾರೆ ಎಂದು ಗೊತ್ತಾಯಿತು. ಹೆಸರು ನೋಡಿ ನಮ್ಮ ಕಡೆಯ ಹೆಣ್ಣುಮಗಳಿರಬೇಕು ಅಂದುಕೊಂಡೆ. ಒಂದೂವರೆ ತಿಂಗಳೊಳಗೆ ಅದೇ ಹೆಸರಿನಿಂದ ಕಾಗದ ಬಂತು.

ಮೊದಲ ದಿನದಿಂದ ನನಗೆ ಗೊತ್ತಿತ್ತು. ಬುಕಿಂಗ್ ಮಾಡುವವರು ಯಾರು ಎಂದು ಅದಕ್ಕೇ ಕೇಳಿದೆ. ಬೇರೆ ಟೇಬಲ್‌ನವರು ಎಂದು ಬರೆದಿರಿ. ಆಗಲೂ ಸಿಟ್ಟು ಬರಲಿಲ್ಲ. ನಾನೂ ಚೀಟಿ ಕಳೆದಿದೆ ಎಂದು ಬರೆದವನೇ ತಾನೆ? ಇಬ್ಬರೂ ಹೆದರಿದ್ದೇವೆ, ವಯಸ್ಸಿನಲ್ಲಿ ದೊಡ್ಡವನು ನಾನು, ನಾನು ಮೊದಲು ನಿಜ ಹೇಳಿದರೆ ಈ ಹೆಣ್ಣುಮಗಳಿಗೂ ಬಾಯಿ ಬರುತ್ತದೆ ಎಂದುಕೊಂಡೆ. ಅದಕ್ಕೇ ಬರೆದೆ. ನೀವು ಕೇಳಿಕೊಂಡಿರಿ ಎಂದು ಬರೆಯಲಿಲ್ಲ. ಆಮೇಲೆ ನಿಮ್ಮ ಕಾಗದ ಬಂದಾಗ ಮೊದಲು ಹುಡುಕಿದ್ದು ನಿಮ್ಮ ಕಡೆಯ ನಿಜವನ್ನೇ. ಮಳೆ ಬರುತ್ತಿದೆ ಎಂದು ಬರೆದಿದ್ದಿರಿ.

ಕೆಲಸ ಹೋದ ದಿನವೂ ಈ ಹಾಳೆ ಅಂಗಿಯ ಜೇಬಿನಲ್ಲಿತ್ತು. ತೆಗೆಯಲಿಲ್ಲ. ನಿಮ್ಮ ಮಗಳು ಗೆಳತಿಯರ ಬಗ್ಗೆ ಆಡಿದ ಮಾತು ನೆನಪಾಯಿತು ಅಂದರೆ ದೊಡ್ಡವನೆನಿಸಿಕೊಂಡಂತಾಗುತ್ತದೆ. ನಿಜ ಹೇಳಬೇಕೆಂದರೆ, ನೀವೇ ಹೇಳಲಿ ಎಂಬ ಹಟವಿತ್ತು. ನಿಮ್ಮ ಹೋದ ಕಾಗದ ಓದಿದ ಮೇಲೆ ಹಟ ಹೋಯಿತು, ಸಿಟ್ಟು ಬಂತು. ನನ್ನ ಕೈಯಲ್ಲಿ ಏನೂ ಇರಲಿಲ್ಲ ಎಂದು ಬರೆಯಲು ನಿಮ್ಮ ಕೈ ಹೇಗೆ ಬಂತು?

ಕಾಲಿನ ಬೊಬ್ಬೆ ಕೇಳಿದ್ದಿರಿ. ಅದು ಹುಣ್ಣಾಗಿ ಒಂದು ಬೆರಳು ತೆಗೆದರು. ಸಕ್ಕರೆ ಇದ್ದವರಿಗೆ ಹಾಗಾಗುತ್ತದಂತೆ.

ಹಾಳೆ ನಿಮ್ಮದು, ನಿಮಗೇ ಕಳಿಸುತ್ತಿದ್ದೇನೆ. ಬೇರೆ ಪ್ರತಿ ಇಟ್ಟುಕೊಂಡಿಲ್ಲ. ಏನು ಮಾಡುತ್ತೀರೋ ಮಾಡಿ.

ಶರಣಬಸಪ್ಪ


ವುಡ್‌ಲ್ಯಾಂಡ್ಸ್
25 ಜನವರಿ 2025

ಅಣ್ಣ,

ಬುಕ್ ಮಾಡಿದ್ದು ನಾನು. ಇಷ್ಟು ಬರೆಯಲು ಆರು ತಿಂಗಳು ಹಿಡಿಯಿತು.

ಹೋದ ವರ್ಷ ಜನವರಿಯಲ್ಲಿ ಅದೇ ಗ್ರಾಹಕರ ಲೋಡ್ ಡ್ರೈ ವ್ಯಾನ್‌ನಲ್ಲಿ ಹೋಗಿ ಕ್ಷೇಮವಾಗಿ ಮುಟ್ಟಿತ್ತು. ಜುಲೈಯ ಲೋಡ್ ಬಂದಾಗ ಅದನ್ನೇ ಕಾಪಿ ಮಾಡಿ ತಾರೀಕು ಬದಲಿಸಿದೆ. ಇಲ್ಲಿ ಜನವರಿಗೂ ಜುಲೈಗೂ ಏನು ವ್ಯತ್ಯಾಸ ಅಣ್ಣ? ಹನ್ನೊಂದು ವರ್ಷದಿಂದ ಒಂದೇ ಬಟ್ಟೆ, ಒಂದೇ ಸೆಕೆ, ಒಂದೇ ಮಳೆ. ಬೇರೆ ಊರಿನಲ್ಲಿ ಬೇಸಿಗೆ ಎಂಬುದೊಂದು ಇರುತ್ತದೆ ಎನ್ನುವುದೇ ಮರೆತುಹೋಗಿದೆ. ಮೈಸೂರಿನ ಏಪ್ರಿಲ್ ಕೂಡ ಮರೆತಿದ್ದೇನೆ. ತಪ್ಪು ಅಷ್ಟೇ ಆಗಿದ್ದರೆ ಹೇಳಿಬಿಡಬಹುದಿತ್ತು. ಲೋಡ್ ವಾಪಸ್ಸಾದ ಮರುದಿನ, ಜುಲೈ ಹನ್ನೊಂದಕ್ಕೆ, ಕಂಪ್ಯೂಟರಿನಲ್ಲಿದ್ದ ಚಳಿಗಾಲ, ಜನವರಿ ಎಂಬುದನ್ನು ಅಳಿಸಿ ಗ್ರಾಹಕರೇ ಡ್ರೈ ವ್ಯಾನ್ ಕೇಳಿದರು ಎಂದು ಹಾಕಿದೆ. ಆಮೇಲೆ ನಿಮ್ಮ ಹೇಳಿಕೆ ಬಂತು. ಡ್ರೈವರೇ ಸೀಲ್ ಒಡೆದಿದ್ದಾನೆ ಎಂದಾಗಿಬಿಟ್ಟರೆ ಬುಕಿಂಗ್ ಯಾರೂ ತೆಗೆದು ನೋಡುವುದಿಲ್ಲ. ಅದಕ್ಕೇ ನಿಮಗೆ ಕಾಗದ ಬರೆದೆ. ಸಹಿ ನೋಡಿ ಸುಮ್ಮನೆ ಕೂತೆ ಎಂದು ಬರೆದಿದ್ದೆನಲ್ಲ, ಅದು ನಿಜ. ಆದರೆ ಕೂತು ಯೋಚಿಸಿದ್ದು ಇದನ್ನು.

ನೀವು ಕಳಿಸಿದ ಹಾಳೆಯನ್ನು ಮೊನ್ನೆ ಮ್ಯಾನೇಜರ್ ಮುಂದಿಟ್ಟೆ. ಎಲ್ಲ ಹೇಳಿದೆ. ಅವರು ಓದಿ, ಎದ್ದು ಬಾಗಿಲು ಹಾಕಿದರು. "ಫೈಲ್ ಕ್ಲೋಸ್ ಆಗಿದೆ ಲಾ. ಯಾಕೆ ಮತ್ತೆ ಓಪನ್ ಮಾಡ್ತೀಯ?" ಎಂಬರ್ಥದಲ್ಲಿ ಇಂಗ್ಲಿಷ್‌ನಲ್ಲಿ ಅಂದರು. ಎದುರಿಗೇ ಹಾಳೆಯನ್ನು ಕಾಗದ ಕತ್ತರಿಸುವ ಯಂತ್ರಕ್ಕೆ ಕೊಟ್ಟರು. ಇನ್ನು ಎರಡು ತಾಸು ಬಿಟ್ಟು ಮೀಟಿಂಗ್ ಇದೆ, ಮುಖ ತೊಳೆದುಕೊಂಡು ಬಾ ಅಂದರು. ನಾನು ತೊಳೆದುಕೊಂಡು ಹೋದೆ. ಇರುವ ಒಂದೇ ಪ್ರತಿಯನ್ನು ಕಳೆದುಬಿಟ್ಟೆ. ಫೋಟೋ ತೆಗೆದಿಟ್ಟುಕೊಳ್ಳಬೇಕು ಎಂದು ಹೊಳೆಯಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

ಇದರೊಳಗೆ ಇನ್ನೊಂದು ಸಣ್ಣ ಲಕೋಟೆ ಇದೆ, ಅಂಟು ಹಾಕಿದ್ದೇನೆ. ಅದರಲ್ಲಿ ನಡೆದದ್ದನ್ನೆಲ್ಲ ಇಂಗ್ಲಿಷ್‌ನಲ್ಲಿ ಬರೆದು ಸಹಿ ಮಾಡಿದ್ದೇನೆ. ಈ ಸಲ ಛತ್ರಿಯನ್ನೂ ಹಾಕಿದ್ದೇನೆ, ಮೆಣಸಿನಕಾಯಿಯನ್ನೂ ಹಾಕಿದ್ದೇನೆ. ಯಾರಿಗೆ ಬೇಕಾದರೂ ತೋರಿಸಿ. ತೋರಿಸಿದ ದಿನ ನಾವು ಮೂವರೂ ಇಲ್ಲಿಂದ ಹೊರಡಬೇಕಾಗುತ್ತದೆ. ಇಶಿತಾಳ ಹೊಸ ಶಾಲೆ ಈ ತಿಂಗಳಷ್ಟೇ ಶುರುವಾಗಿದೆ. ಇದನ್ನು ಬರೆಯಬಾರದಿತ್ತು, ಆದರೆ ಬರೆಯದೇ ಇರಲಾಗಲಿಲ್ಲ.

ನಿರುಪಮಾ


ಟಾಲಿಸನ್
2 ಮಾರ್ಚ್ 2025

ನಿರುಪಮಾಗೆ,

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ನಾನೀಗ ಒಂದು ಗೋಡೌನಿನ ಗೇಟಿನಲ್ಲಿ ಕೂರುತ್ತೇನೆ. ಒಳಗೆ ಬರುವ ಟ್ರೇಲರುಗಳ ಸೀಲ್ ನಂಬರು ಕಾಗದದ ನಂಬರಿಗೆ ಹೊಂದುತ್ತದೆಯೇ ಎಂದು ನೋಡುವ ಕೆಲಸ. ಕೊಟ್ಟವರಿಗೆ ನನ್ನ ಕಥೆ ಗೊತ್ತಿಲ್ಲ, ಗೊತ್ತಾದ ದಿನ ಇದೂ ಹೋಗುತ್ತದೆ. ಗಾಡಿಗಳು ಹೊರಡುವಾಗ ಆ ಏರ್‌ಬ್ರೇಕ್ ಬಿಡುವ ಸದ್ದು ಕೇಳಿದರೆ ಎಡಗಾಲು ತಾನಾಗಿ ಕ್ಲಚ್ ಹುಡುಕುತ್ತದೆ.

ನಿಮ್ಮ ಸಣ್ಣ ಲಕೋಟೆ ಮನೆಯ ಕಪಾಟಿನಲ್ಲಿದೆ. ಇನ್ನೂ ಒಡೆದಿಲ್ಲ.

ಚನ್ನಬಸವ್ವ ದಿನಾ ಜಗಳ ಮಾಡುತ್ತಾಳೆ. "ಒಡೀರಿ ಅದನ್ನ. ನಿಮ್ಮ ಬೆರಳು ಹೋತು, ಕೆಲಸ ಹೋತು. ಆಕಿ ಮಗಳ ಸಾಲಿ ಚಿಂತಿ ನಿಮಗ್ಯಾಕ?" ಅನ್ನುತ್ತಾಳೆ. ಅವಳು ಹೇಳುವುದರಲ್ಲಿ ತಪ್ಪಿಲ್ಲ.

ಒಡೆದರೆ ಎರಡರಲ್ಲಿ ಒಂದಾಗುತ್ತದೆ. ಒಳಗೆ ನೀವು ಹೇಳಿದಂತೆಯೇ ಬರೆದು ಸಹಿ ಹಾಕಿದ್ದರೆ, ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನಿರಲು ನನ್ನಿಂದಾಗದು. ಮರುದಿನವೇ ಹಳೆಯ ಆಫೀಸಿಗೆ ಹೋಗುತ್ತೇನೆ. ನಿಮ್ಮ ಮಗಳು ಶಾಲೆ ಬಿಡುತ್ತಾಳೆ. ನನ್ನ ಗಾಡಿ ವಾಪಸ್ ಸಿಗುತ್ತದೋ ಇಲ್ಲವೋ ಅದೂ ಗೊತ್ತಿಲ್ಲ, ಬೆರಳು ಹೋದ ಕಾಲಿಗೆ ಡಾಕ್ಟರು ಒಪ್ಪಬೇಕು. ಇನ್ನು ಒಳಗೆ ಬರೀ ಬಿಳಿ ಹಾಳೆ ಇದ್ದರೆ, ಅಥವಾ ಮತ್ತೆ ಅರ್ಧ ಪುಟವೇ ಇದ್ದರೆ, ಒಬ್ಬಳನ್ನೇ ಎರಡು ಸಲ ನಂಬಿದ ಮುಠ್ಠಾಳ ನಾನೆಂದು ಗೊತ್ತಾಗುತ್ತದೆ. ಆ ಹಾಳೆಯನ್ನು ಮ್ಯಾನೇಜರ್ ಕತ್ತರಿಸಿದ ಎಂದು ಬರೆದಿದ್ದೀರಿ. ಇರಬಹುದು. ನಾನು ನೋಡಿಲ್ಲ.

ಇವತ್ತು ಒಡೆಯುವುದಿಲ್ಲ. ನಾಳೆ ಒಡೆಯುವುದಿಲ್ಲ ಎಂದು ಮಾತು ಕೊಡಲಾರೆ. ನೀವು ಅಲ್ಲಿ ದಿನಾ ಬಾಗಿಲ ಕಡೆ ನೋಡುತ್ತಿರುತ್ತೀರಿ ಎಂದು ಗೊತ್ತು. ಅದು ನನಗೆ ಸಮಾಧಾನ ಕೊಡುವುದಿಲ್ಲ, ಆದರೆ ಬೇಡವೆನ್ನಲೂ ಮನಸ್ಸಿಲ್ಲ.

ಇನ್ನು ಬರೆಯಬೇಡಿ. ಬರೆದರೆ ಚನ್ನಬಸವ್ವ ಓದಿ ಹೇಳಿರಿ ಅನ್ನುತ್ತಾಳೆ, ಕನ್ನಡ ಕೇಳಿದರೆ ನಾನು ಮತ್ತೆ ಮೆತ್ತಗಾಗುತ್ತೇನೆ. ನಿಮ್ಮ ಲಕೋಟೆ ಮುಟ್ಟಿದೆ ಎಂದು ತಿಳಿಸಲು ಇಷ್ಟು ಬರೆದೆ. ಒಳಗೆ ಏನಿದೆ ಎಂದು ನೋಡಿಲ್ಲ, ಮುಟ್ಟಿದೆ ಎಂದಷ್ಟೇ ಸಹಿ ಹಾಕುತ್ತಿದ್ದೇನೆ.

ಶರಣಬಸಪ್ಪ